ಗೌರಮ್ಮನವರ ಲಿಫ್ಟು ಮತ್ತು ಕೆಂಪು ಹಿಡಿ

ಎರಡು ವರ್ಷದ ಹಿಂದಿನ ಆಯುಧಪೂಜೆ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮನೆಗಳಿಗೆ ಲಿಫ್ಟ್ ಮಾಡುವ ನಮ್ಮದೊಂದು ಚಿಕ್ಕ ಕಾರ್ಖಾನೆ ಇದೆ. ಅವತ್ತು ಪೂಜೆ ಮುಗಿಸಿ, ಬಾಗಿಲ ಮುಂದೆ ಬೂದುಗುಂಬಳಕಾಯಿ ಒಡೆದು, ಕೆಲಸದವರಿಗೆಲ್ಲ ಪುರಿ, ಸಿಹಿ ಹಂಚುತ್ತಿದ್ದೆ. ವರ್ಷದಲ್ಲಿ ಅದೊಂದು ದಿನ ನಮ್ಮ ಯಂತ್ರಗಳಿಗೆಲ್ಲ ಪೂರ್ತಿ ರಜೆ. ಅಪ್ಪನ ಕಾಲದ, ಕಬ್ಬಿಣ ಕಡೆಯುವ ಹಳೆಯ ಲೇತ್ ಒಂದಿದೆ. ಅದರ ಮುಂಭಾಗದಲ್ಲಿ ಅಂಗೈಯಗಲದ ಚಪ್ಪಟೆ ಜಾಗ. ಪ್ರತಿ ವರ್ಷ ಕುಂಕುಮ ಹಚ್ಚಿ ಹಚ್ಚಿ ಅಲ್ಲಿಯ ಬಣ್ಣವೇ ಕೆಂಪಾಗಿ ಕೂತುಬಿಟ್ಟಿದೆ. ಯಾರೂ ಹೇಳಿಕೊಡಬೇಕಿಲ್ಲ, ಹೊಸದಾಗಿ ಕೆಲಸಕ್ಕೆ ಸೇರಿದವರ ಬೆರಳೂ ನೇರವಾಗಿ ಅಲ್ಲಿಗೇ ಹೋಗುತ್ತದೆ. ಅವತ್ತೂ ಹಾಗೇ ಹೋಯಿತು. ನಾನು ನೋಡುತ್ತಾ ನಿಂತಿದ್ದೆ, ಆದರೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ಆಮೇಲೆ.

ಪುರಿಯ ಬುಟ್ಟಿ ಇನ್ನೂ ಕೈಯಲ್ಲಿದ್ದಾಗ ಫೋನ್ ಬಂತು. ಬಸವೇಶ್ವರನಗರದಿಂದ ಶೈಲಾ. ಅವರ ಮನೆಗೆ ನಾವು ಲಿಫ್ಟ್ ಹಾಕಿ ಆರೇಳು ತಿಂಗಳಾಗಿತ್ತು.

“ಮೇಡಂ, ಲಿಫ್ಟ್ ಮಧ್ಯದಲ್ಲಿ ನಿಂತೋಗಿದೆ. ಒಳಗೆ ನಮ್ಮತ್ತೆ ಇದಾರೆ.”

“ಕರೆಂಟ್ ಇದ್ಯಾ?”

“ಇದೆ. ಒಳಗೆ ಫ್ಯಾನು, ಲೈಟು ಎಲ್ಲ ಓಡ್ತಾ ಇದೆ. ಇದೊಂದು ಅಲ್ಲಾಡ್ತಾ ಇಲ್ಲ.”

“ಗಾಬರಿ ಆಗ್ಬೇಡಿ. ಕೆಳಗೆ ಮೆಟ್ಟಿಲ ಪಕ್ಕ ಕೆಂಪು ಹಿಡಿ ಇದೆಯಲ್ಲ, ನಿಮಗೆ ತೋರಿಸಿದ್ದೆ. ಒಬ್ರು ಗಾಜಿನಿಂದ ಅತ್ತೆ ಸೀರೆ ಮೇಲೆ ಕಣ್ಣಿಟ್ಟಿರ್ಲಿ, ನೀವು ಅದನ್ನ ಎಳೀರಿ, ನಿಧಾನಕ್ಕೆ ಇಳಿಯುತ್ತೆ.”

ಶೈಲಾ ಸಣ್ಣ ದನಿಯಲ್ಲಿ, “ನಾನು ಎಳೆದು ಅತ್ತೆ ದಡ್ ಅಂತ ಬಿದ್ಬಿಟ್ರೆ? ಇಲ್ಲ ಮೇಡಂ, ನನ್ನ ಕೈಲಾಗಲ್ಲ. ನೀವೇ ಬನ್ನಿ. ನಮ್ಮನೆಯವರು ಬ್ಯಾಂಕ್ ಸ್ನೇಹಿತರ ಮನೆ ಪೂಜೆಗೆ ಹೋಗಿದಾರೆ, ಅವರಿಗಿನ್ನೂ ಹೇಳಿಲ್ಲ. ಗೊತ್ತಾದ್ರೆ ಲಿಫ್ಟಿಗೆ ಬೀಗ ಹಾಕ್ಬಿಡ್ತಾರೆ. ಅತ್ತೆ ಮತ್ತೆ ಮೇಲೇ ಕೂತಿರ್ಬೇಕಾಗುತ್ತೆ” ಎಂದರು.

ಆ ಮಾತಿನ ಭಾರ ನನಗೆ ಗೊತ್ತಿತ್ತು. ಹಾಗಾಗಿ ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಆ ಮನೆಯ ಹಿರಿಯರು ಗೌರಮ್ಮನವರು. ಹಾವೇರಿ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ. ನೆಲ ಮತ್ತು ಮೊದಲ ಮಹಡಿ ಬಾಡಿಗೆಗೆ ಕೊಟ್ಟು ಮಗ, ಸೊಸೆ, ಅವರು ಮೇಲಿನ ಮಹಡಿಯಲ್ಲಿದ್ದರು. ಮಂಡಿ ಹಿಡಿದುಕೊಂಡ ಮೇಲೆ ಮೆಟ್ಟಿಲು ಇಳಿಯುವುದು ನಿಂತಿತು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಹೂವಿನವಳ ಜೊತೆ, ಬೀದಿಯಲ್ಲಿ ಹೋಗುವವರ ಜೊತೆ ಮಾತಾಡಿಕೊಂಡಿದ್ದ ಜೀವ, ಬಾಲ್ಕನಿಯ ಕಂಬಿಯ ಹಿಂದೆ ಸೇರಿತು. ನಾನು ಅಳತೆ ತೆಗೆಯಲು ಹೋದ ದಿನ ಅವರು ಕೇಳಿದ್ದು ಒಂದೇ: “ತಂಗಿ, ಇದು ನನ್ನ ಕಟ್ಟಿ ಮಟಾ ಒಯ್ತೈತೇನು?”

ನಮ್ಮ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವಳು ನಾನು, ಖರ್ಚು ನೋಡುವವನು ಅಣ್ಣ ರಾಜಣ್ಣ. ನಮ್ಮಿಬ್ಬರದು ದಿನನಿತ್ಯದ ಜಗಳ. ಪ್ರತಿಯೊಂದು ಭಾಗವೂ ಎಂದೂ ಕೆಡದಂಥದ್ದೇ ಇರಬೇಕು ಎಂದು ನಾನು. “ನಿನ್ನಿಷ್ಟದಂಗೆ ಮಾಡಿದ್ರೆ ಲಿಫ್ಟ್ ಚೆನ್ನಾಗೇ ಇರುತ್ತೆ ಕಣಮ್ಮ, ಕೊಂಡ್ಕೊಳ್ಳೋರು ಇರಲ್ಲ” ಎಂದು ಅವನು. “ಕೊಂಡ್ಕೊಂಡೋರು ಬದುಕಿರ್ಬೇಕಲ್ಲಣ್ಣ” ಎಂದು ನಾನು. ಎಷ್ಟು ಬಿಗಿಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಎನ್ನುವುದರಲ್ಲೇ ನಮ್ಮ ಅರ್ಧ ಆಯುಷ್ಯ ಕಳೆದಿದೆ.

ಗೌರಮ್ಮನವರ ಮಗ ಮಂಜುನಾಥ್ ಬಹಳ ಚೌಕಾಸಿ ಮಾಡಿದರು. ಅವರ ತಪ್ಪಲ್ಲ, ಬ್ಯಾಂಕಿನ ಸಂಬಳ, ಅದರಲ್ಲೇ ಎಲ್ಲ ತೂಗಬೇಕು. ಬೆಲೆ ಇಳಿಯದಿದ್ದರೆ ಲಿಫ್ಟೇ ಇಲ್ಲ. ಹಾಗಾದರೆ ಏನನ್ನು ಬಿಡುವುದು? ಅಣ್ಣನೂ ನಾನೂ ವಾರಗಟ್ಟಲೆ ಗುದ್ದಾಡಿದೆವು. ಕೊನೆಗೆ ಲಿಫ್ಟಿನ ಒಳಬಾಗಿಲು ಬಿಟ್ಟೆವು. ಒಳಬಾಗಿಲಿಲ್ಲದಿದ್ದರೆ ಎದುರಿನ ಗೋಡೆಗೆ ಸೀರೆ ಸಿಕ್ಕಿಕೊಳ್ಳುವ ಭಯ. ಅದಕ್ಕೆ ಬಾಯಿಯ ಎರಡೂ ಅಂಚಿಗೆ ಉದ್ದುದ್ದ ಕಪ್ಪು ಗಾಜಿನ ಸೆನ್ಸರ್ ಪಟ್ಟಿ ಹಾಕಿದೆವು. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹರಿಯುತ್ತಿರುತ್ತದೆ, ನಡುವೆ ಸೆರಗಿನ ತುದಿ ಬಂದರೂ ಲಿಫ್ಟ್ ತಕ್ಷಣ ನಿಲ್ಲುತ್ತದೆ. ಈ ಪಟ್ಟಿಯಲ್ಲಿ ಮಾತ್ರ ನಾನು ಅಗ್ಗದ್ದಕ್ಕೆ ಒಪ್ಪಲಿಲ್ಲ, ಸಿಗುವುದರಲ್ಲೇ ಒಳ್ಳೆಯದನ್ನು ತರಿಸಿದೆ. ಅದಕ್ಕೆ ಪ್ರತಿಯಾಗಿ ಅಣ್ಣ, ಲಿಫ್ಟ್ ಕೈಕೊಟ್ಟಾಗ ತಾನಾಗಿ ಕೆಳಗಿಳಿಸುವ ಬ್ಯಾಟರಿ ಪೆಟ್ಟಿಗೆಯನ್ನು ತೆಗೆಸಿದ. ಅದರ ಜಾಗಕ್ಕೆ ಬಂದಿದ್ದು ಕೆಂಪು ಹಿಡಿ.

ಆ ಹಿಡಿ ಬಹಳ ಸರಳ. ನಮ್ಮ ಲಿಫ್ಟನ್ನು ಎತ್ತಿ ಹಿಡಿದಿರುವುದು ಎಣ್ಣೆಯ ಒತ್ತಡ. ಹಿಡಿ ಎಳೆದರೆ ಎಣ್ಣೆ ಒಂದು ಸಣ್ಣ ತೂತಿನಿಂದ ತೊಟ್ಟಿಗೆ ವಾಪಸು ಹರಿಯುತ್ತದೆ, ಲಿಫ್ಟ್ ತನ್ನ ಭಾರಕ್ಕೇ ಮೆಲ್ಲಗೆ ಇಳಿಯುತ್ತದೆ. ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಎಷ್ಟೇ ಜೋರಾಗಿ ಜಗ್ಗಿದರೂ ವೇಗ ಹೆಚ್ಚದು, ಯಾಕೆಂದರೆ ತೂತಿರುವುದೇ ಅಷ್ಟು. ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಇದನ್ನೆಲ್ಲ ಲಿಫ್ಟ್ ಒಪ್ಪಿಸಿದ ದಿನ ಶೈಲಾ ಅವರಿಗೆ ವಿವರಿಸಿದ್ದೆ. ಅವರು ತಲೆಯಾಡಿಸಿದ್ದರು. ನಾನು ಅರ್ಥವಾಯಿತು ಎಂದುಕೊಂಡಿದ್ದೆ.

ಅಂತೂ ಪುರಿಯ ಬುಟ್ಟಿ ಅಣ್ಣನ ಕೈಗೆ ಕೊಟ್ಟು ಸ್ಕೂಟರ್ ಹತ್ತಿದೆ. “ನಾನೂ ಬರ್ತೀನಿ, ನೀನು ನಡಿ” ಎಂದ. ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿಕೊಂಡ ಆಟೋಗಳು, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು, ರಸ್ತೆ ತುಂಬ ಒಡೆದ ಕುಂಬಳಕಾಯಿ. ಸ್ಕೂಟರ್ ಜಾರದಂತೆ ನೋಡಿಕೊಳ್ಳುತ್ತಾ ಮನಸ್ಸಿನಲ್ಲಿ ಒಂದೊಂದೇ ಭಾಗವನ್ನು ತಡಕುತ್ತಾ ಹೋದೆ. ಪಂಪೇ? ವಾಲ್ವೇ? ವೈರ್ ಎಲ್ಲಾದರೂ ಸಡಿಲವಾಯಿತೇ? ಆ ದುಬಾರಿ ಸೆನ್ಸರ್ ಪಟ್ಟಿಯ ಮೇಲೆ ಮಾತ್ರ ನನಗೆ ಅನುಮಾನವೇ ಬರಲಿಲ್ಲ.

ಮನೆಗೆ ಹೋದರೆ ಮೆಟ್ಟಿಲ ಮೇಲೆ ಸಣ್ಣ ಸಭೆಯೇ ಸೇರಿತ್ತು. ಲಿಫ್ಟಿನ ಒಂದು ಪಕ್ಕ ಮೆಟ್ಟಿಲಿನ ಕಡೆಗೆ ಗಾಜು. ಮೊದಲ ಮಹಡಿಗಿಂತ ಸ್ವಲ್ಪ ಕೆಳಗೆ ಲಿಫ್ಟ್ ನಿಂತಿತ್ತು. ಒಳಗೆ ಗೌರಮ್ಮನವರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಹಣ್ಣು, ಕಾಯಿ, ಹೂವಿನ ತಟ್ಟೆ. ಗಾಜಿನ ಈಚೆ ನಿಂತಿದ್ದ, ನೆಲಮಹಡಿಯ ಬಾಡಿಗೆದಾರರಾದ ಸ್ಕೂಲ್ ಟೀಚರ್ ರೇವತಿಗೆ ಹೋಳಿಗೆಯ ಹೂರಣ ಯಾಕೆ ತೆಳ್ಳಗಾಗುತ್ತದೆಂದು ವಿವರಿಸುತ್ತಿದ್ದರು. ಶೈಲಾ ಮಾತ್ರ ಗೋಡೆಗೆ ಒರಗಿ ಬೆವರುತ್ತಾ ನಿಂತಿದ್ದರು.

ನನ್ನನ್ನು ಕಂಡು ಗೌರಮ್ಮನವರು ಗಾಜಿನ ಮೂಲಕ, “ಬಾ ತಂಗಿ. ಹಬ್ಬದ ದಿನಾ ನಿನಗ ತ್ರಾಸ ಕೊಟ್ವಿ. ನಾ ಆರಾಮ ಅದೀನಿ. ಮೊದಲ ಆಕಿನ್ನ ನೋಡು, ಒಳಗ ಸಿಕ್ಕೊಂಡಿದ್ದು ನಾನೋ ಆಕೀನೋ ಅನ್ನಂಗ ಆಗ್ಯಾಳ” ಎಂದರು.

“ಅತ್ತೆ, ನಿಮಗೆ ಎಲ್ಲಾ ತಮಾಷೆ” ಎಂದರು ಶೈಲಾ.

ಕೆಳಗಿನ ಪೆಟ್ಟಿಗೆ ತೆರೆದು ನೋಡಿದೆ. ಎಣ್ಣೆ ಸರಿ, ಪಂಪ್ ಸರಿ. ಒಂದೇ ಒಂದು ಕೆಂಪು ದೀಪ ಉರಿಯುತ್ತಿತ್ತು: ಸೆನ್ಸರ್ ಪಟ್ಟಿಯ ದೀಪ. ನನಗೆ ನಂಬಿಕೆಯಾಗಲಿಲ್ಲ. ಓಡಿ ಬಂದು ಗಾಜಿಗೆ ಮುಖವಿಟ್ಟು ನೋಡಿದೆ.

ಕಪ್ಪು ಪಟ್ಟಿಯ ಮೇಲೆ, ಸ್ಟೂಲಿನಲ್ಲಿ ಕೂತವರ ಕೈಗೆಟುಕುವ ಎತ್ತರದಲ್ಲಿ, ಬೆಳ್ಳಗೆ ಮೂರು ಗೆರೆ. ವಿಭೂತಿ.

“ಅಮ್ಮ, ಇದನ್ನ ಹಚ್ಚಿದ್ದು ನೀವಾ?”

“ಮತ್ತ ಯಾರು? ಫ್ರಿಜ್ಜಿಗಿ, ಮಿಕ್ಸರಿಗಿ, ಮಗನ ಗಾಡಿಗಿ ಎಲ್ಲಕ್ಕೂ ಹಚ್ಚಿ, ದಿನಾ ನನ್ನ ಇಳಿಸೋ ಇದಕ್ಕ ಬಿಡಾಕ ಆಕ್ಕೈತೇನು? ಗುಂಡಿಗಿ ಹಸೀ ಹಚ್ಚಬ್ಯಾಡ್ರಿ ಅಂತ ಮೊದಲ ದಿನಾನ ನೀ ಹೇಳಿದ್ದಿ. ಅದಕ ಗುಂಡಿ ಮುಟ್ಟಲಿಲ್ಲ. ಬ್ಯಾರೆ ಕಡೆ ತಗಡೆಲ್ಲಾ ಉಬ್ಬು ಗೀರು, ಗಾಜು ಹೊರಗ ನೋಡಾಕ ಬೇಕು. ಇದೊಂದ ನುಣ್ಣಗ ಇತ್ತು. ಹಚ್ಚಿದಾಗ ಹಸೀ, ಕಂಡೇ ಇರಲಿಲ್ಲ. ಈಗ ನೋಡು, ಎಷ್ಟ ಚೆಂದ ಎದ್ದ ಕಾಣಸ್ತೈತಿ.”

ಅಷ್ಟೇ. ನನಗೆ ಎಲ್ಲವೂ ತಿಳಿಯಿತು. ನೀರಿನಲ್ಲಿ ಕಲಸಿದ ವಿಭೂತಿ ಹಚ್ಚಿದಾಗ ತೆಳ್ಳಗೆ, ಇಲ್ಲವೆನ್ನುವಷ್ಟು ತೆಳ್ಳಗೆ ಇರುತ್ತದೆ. ಒಣಗಿದ ಮೇಲೆ ಬೆಳ್ಳಗೆ ಕೂರುತ್ತದೆ. ಹಣೆಯ ಮೇಲೆ ನಾವೆಲ್ಲ ನೋಡಿದ್ದೇ. ಮೇಲಿನ ಮಹಡಿಯಲ್ಲಿ ಪೂಜೆ ಮಾಡಿ, ಗುಂಡಿ ಒತ್ತಿ ಹೊರಟಾಗ ಪಟ್ಟಿಯ ಬೆಳಕು ಇನ್ನೂ ದಾಟುತ್ತಿತ್ತು. ಫ್ಯಾನಿನ ಗಾಳಿಗೆ ಗೆರೆ ಒಣಗಿತು, ಬೆಳಕು ನಿಂತಿತು, ಯಾರದೋ ಸೀರೆ ಅಡ್ಡ ಬಂತೆಂದು ತಿಳಿದು ಲಿಫ್ಟೂ ನಿಂತಿತು. ಅದು ಕೆಟ್ಟಿರಲೇ ಇಲ್ಲ. ತಾನು ಮಾಡಬೇಕಾದ್ದನ್ನೇ ಅಚ್ಚುಕಟ್ಟಾಗಿ ಮಾಡಿತ್ತು.

ನಾನು ನಿರಾಳವಾಗಿ ನಕ್ಕೆ. “ಅಮ್ಮ, ಸೆರಗಿನಿಂದ ಅದನ್ನ ಒಂದ್ಸಲ ಒರೆಸಿಬಿಡಿ. ಈಗಲೇ ಹೊರಡುತ್ತೆ.”

ಗೌರಮ್ಮನವರ ಮುಖದ ನಗು ಇಳಿಯಿತು. ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. “ಅದೊಂದ ಆಗೂದಿಲ್ಲ ತಂಗಿ. ಪೂಜಿ ಮಾಡಿದ್ದನ್ನ ಹಬ್ಬದ ದಿನಾನ ನನ್ನ ಕೈಯಾರೆ ಅಳಸೂದಿಲ್ಲ. ನಾಳೆ ಮತ್ತ ಪೂಜಿ ಮಾಡಿ ನೀರ ಹಾಕಿ ತೊಳೀತೀನಿ. ಇವತ್ತ ಬ್ಯಾರೆ ದಾರಿ ಇದ್ರ ನೋಡು.”

ಶೈಲಾ, “ಅತ್ತೆ, ಹಟ ಮಾಡ್ಬೇಡಿ” ಎಂದರು. ನಾನೂ ಇನ್ನೊಮ್ಮೆ ಕೇಳಬಹುದಿತ್ತು, ಸ್ವಲ್ಪ ಗದರಿಸಬಹುದಿತ್ತು. ಆದರೆ ಕೇಳಲು ಮನಸ್ಸಾಗಲಿಲ್ಲ. ನಾನು ಅವತ್ತೇ ಬೆಳಿಗ್ಗೆ ಅಪ್ಪನ ಲೇತಿಗೆ ಕುಂಕುಮ ಹಚ್ಚಿ ಬಂದವಳು. ಅದನ್ನು ಈಗಲೇ ಒರೆಸು ಎಂದು ಯಾರಾದರೂ ಹೇಳಿದ್ದರೆ ನಾನು ಒರೆಸುತ್ತಿದ್ದೆನೇ?

ಬೇರೆ ದಾರಿ ಇದ್ದದ್ದು ಕೆಂಪು ಹಿಡಿಯೊಂದೇ. ಅದರಲ್ಲೂ ಒಂದು ತೊಡಕು. ಕೈಯಿಂದ ಇಳಿಸುವಾಗ ಸೆನ್ಸರಿನ ಕಾವಲಿರುವುದಿಲ್ಲ. ಸೀರೆ ಗೋಡೆಗೆ ಸಿಗದಂತೆ ಯಾರಾದರೂ ನೋಡುತ್ತಲೇ ಇರಬೇಕು, ತಕ್ಷಣ ನಿಲ್ಲಿಸು ಎನ್ನಬೇಕು. ಆ ಕೆಲಸ ನನ್ನದೇ. ಹಾಗಾದರೆ ಹಿಡಿ ಎಳೆಯುವವರು ಬೇರೆಯವರಾಗಬೇಕು.

“ನಾನು ಎಳೀತೀನಿ ಆಂಟಿ” ಎಂದು ರೇವತಿ ಮುಂದೆ ಬಂದರು.

“ನೀ ನಿಂದ್ರವಾ” ಎಂದರು ಗೌರಮ್ಮ ಒಳಗಿನಿಂದ. “ನಮ್ಮ ಶೈಲಾ ಎಳೀಲಿ. ಲಗ್ನಾಗಿ ಬಂದಾಗಿಂದ ನನ್ನ ಎಳದಾಡಿ ರೂಢಿ ಐತಿ ಆಕಿಗಿ.”

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಶೈಲಾ ನಗಲಿಲ್ಲ. “ಬಿದ್ರೆ ನನ್ನ ಕೇಳ್ಬೇಡಿ ಅತ್ತೆ” ಎಂದರು.

“ಬಿದ್ರ ಕೇಳಾಕ ನಾ ಎಲ್ಲಿರ್ತೀನಿ? ಎಳಿ.”

ಶೈಲಾ ಅವರನ್ನು ಹಿಡಿಯ ಹತ್ತಿರ ಕರೆದುಕೊಂಡು ಹೋಗಿ, ಅವರ ಕೈಯನ್ನು ಅದರ ಮೇಲಿಟ್ಟು, “ಎಷ್ಟು ಬೇಕಾದ್ರೂ ಜೋರಾಗಿ ಎಳೀರಿ. ಜೋರಾಗಿ ಎಳೆದ್ರೂ ಅಷ್ಟೇ, ಮೆತ್ತಗೆ ಎಳೆದ್ರೂ ಅಷ್ಟೇ. ನಾನು ನಿಲ್ಸಿ ಅಂದ್ರೆ ಕೈ ಬಿಟ್ಬಿಡಿ” ಎಂದೆ. ನಾನು ಮೆಟ್ಟಿಲೇರಿ ಗಾಜಿನ ಮುಂದೆ ನಿಂತೆ. ಗೌರಮ್ಮನವರಿಗೆ ಸ್ಟೂಲು ಹಿಂದಕ್ಕೆ ಸರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು, ನೆರಿಗೆ ಒಟ್ಟುಮಾಡಿ ಹಿಡಿಯಲು ಹೇಳಿದೆ.

“ಎಳೀರಿ.”

ಮೊದಲು ಏನೂ ಆಗಲಿಲ್ಲ. ಆಮೇಲೆ ಎಣ್ಣೆ ಹರಿಯುವ ಸಣ್ಣ ಸುಯ್ ಸದ್ದು. ಲಿಫ್ಟ್ ಕದಲಿತು. ಗಾಬರಿಯಾಗಿ ಶೈಲಾ ಕೈ ಬಿಟ್ಟರು. ಲಿಫ್ಟ್ ಅಲ್ಲೇ ನಿಂತಿತು. ಬೀಳಲಿಲ್ಲ, ಜರುಗಲಿಲ್ಲ.

ಗೌರಮ್ಮನವರು ಮೇಲಿನಿಂದ, “ಹೌದಲ್ಲ, ಬಿಟ್ರ ನಿಂದರ್ತೈತಿ. ಹೆದರಬ್ಯಾಡವಾ, ಎಳಿ” ಎಂದರು. ಈ ಸಲ ದನಿಯಲ್ಲಿ ಕೀಟಲೆ ಇರಲಿಲ್ಲ.

ಎರಡನೆಯ ಸಲ ಎಳೆದ ಶೈಲಾ ಬೇರೆಯವರೇ ಆಗಿದ್ದರು ಎಂದು ಹೇಳಿದರೆ ಕಥೆ ಕಟ್ಟಿದಂತಾಗುತ್ತದೆ. ಹಾಗೇನಿಲ್ಲ, ಕಣ್ಣು ಮುಚ್ಚಿಕೊಂಡೇ ಎಳೆದರು. ಆದರೆ ಬಿಡಲಿಲ್ಲ. ನಾನು ನೆರಿಗೆಯ ಮೇಲೆ ಕಣ್ಣಿಟ್ಟು ಲಿಫ್ಟಿನ ಜೊತೆ ಒಂದೊಂದೇ ಮೆಟ್ಟಿಲು ಇಳಿದೆ. ಗೌರಮ್ಮನವರು ಹಣ್ಣಿನ ತಟ್ಟೆ ಹಿಡಿದುಕೊಂಡು, ಮೆರವಣಿಗೆ ಹೊರಟವರಂತೆ ಗಂಭೀರವಾಗಿ, ನನ್ನ ಪಕ್ಕದಲ್ಲೇ ಇಳಿದರು. ಕೆಳಗಿನ ಬಾಗಿಲು ತೆರೆದಾಗ ಶೈಲಾ ಹಿಡಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಗೌರಮ್ಮ ಹೊರಗೆ ಬಂದು ಮೊದಲು ಮಾಡಿದ ಕೆಲಸ, ತಟ್ಟೆಯಲ್ಲಿದ್ದ ಹೂವನ್ನು ಸೊಸೆಯ ಮುಡಿಗೆ ಸಿಕ್ಕಿಸಿದ್ದು.

ಅಷ್ಟು ಹೊತ್ತಿಗೆ ನಮ್ಮಣ್ಣನೂ ಬಂದ, ಅವನ ಹಿಂದೆಯೇ ಮಂಜುನಾಥರೂ ಬಂದರು. ಅಮ್ಮ ಕಟ್ಟೆಯ ಮೇಲೆ ಕೂತು ಬೀದಿಯವರಿಗೆಲ್ಲ ಹಣ್ಣು ಹಂಚುತ್ತಿದ್ದುದನ್ನು ಕಂಡು ಅವರಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಗಟ್ಟಿಯಾಯಿತು.

“ಸಾಕವ್ವ. ನಾಳೆಯಿಂದ ಇದಕ್ಕೆ ಬೀಗ. ನೀನು ಮೇಲೇ ಇರು, ನಿಂಗೆ ಏನು ಬೇಕೋ ಅದನ್ನ ನಾವೇ ಮೇಲಕ್ಕೆ ತಂದ್ಕೊಡ್ತೀವಿ.”

“ಹೂವಿನಾಕಿನ್ನ ತಂದ್ಕೊಡ್ತಿಯೇನು?” ಎಂದರು ಗೌರಮ್ಮ. “ನಿನ್ನ ಸ್ಕೂಟರ್ ಎಷ್ಟ ಸಲ ಕೆಟ್ಟು ನಿಂತೈತಿ? ತಳ್ಳಕೊಂತ ಬರ್ತಿ, ಮಾರೀಯೇನು? ಇದು ನಿಂತಿತು. ಬೀಳಲಿಲ್ಲ. ನಿನ್ನ ಹೆಂಡತಿ ಇಳಿಸಿದ್ಲು. ಇನ್ನೇನು ಬೇಕು?”

ಶೈಲಾ ಮೆಲ್ಲಗೆ, “ಇನ್ನೊಂದ್ಸಲ ನಿಂತ್ರೂ ನಾನು ಇಳಿಸ್ತೀನಿ ಬಿಡಿ” ಎಂದರು. ನನ್ನ ಲಿಫ್ಟಿನ ಮೇಲೆ ಆ ಮನೆಯವರಿಗೆ ನಂಬಿಕೆ ಬಂದದ್ದು ಅದನ್ನು ಹಾಕಿದ ದಿನವಲ್ಲ, ಆ ಮಾತು ಬಂದ ಗಳಿಗೆಯಲ್ಲಿ. ಬೀಗದ ಮಾತು ಮತ್ತೆ ಬರಲಿಲ್ಲ.

ವಿಭೂತಿ ತೊಳೆಯುವುದು ನಾಳೆ, ಹಾಗಾಗಿ ಅವತ್ತು ಮೇಲೆ ಹೋಗುವಂತಿಲ್ಲ. ರೇವತಿ, “ಆಂಟಿ ಇವತ್ತು ನಮ್ಮನೇಲೇ ಇರ್ಲಿ” ಎಂದರು. “ನೋಡಪಾ, ನನ್ನ ಮನಿಯೊಳಗ ನಾನ ಬಾಡಿಗಿಗೆ ಬಂದಂಗಾತು” ಎಂದು ಗೌರಮ್ಮ ಖುಷಿಯಾಗಿ ಕಟ್ಟೆಗೆ ಇನ್ನಷ್ಟು ಆತುಕೊಂಡು ಕೂತರು.

ಹಿಂತಿರುಗುವಾಗ ಅಣ್ಣ ಗೇಟಿನ ಹತ್ತಿರ ತಡೆದು ಕೇಳಿದ: “ನೀನು ಹೇಳಿದ್ದೇ ಸರಿ ಅನ್ಸುತ್ತೆ ಕಣಮ್ಮ. ಇನ್ನೂ ಒಳ್ಳೆ ಸೆನ್ಸರ್ ಹಾಕೋಣ್ವಾ? ಖರ್ಚಾದ್ರೆ ಆಗ್ಲಿ.”

ವರ್ಷಗಳಿಂದ ಅವನ ಬಾಯಲ್ಲಿ ಆ ಮಾತು ಕೇಳಲು ಕಾದಿದ್ದೆ. ಕೇಳಿದಾಗ ಉತ್ತರ ಬೇರೆಯೇ ಬಂತು. “ಬೇಡ ಅಣ್ಣ. ಇನ್ನೂ ಒಳ್ಳೇದಾಗಿದ್ರೆ ಹಸಿ ಇರುವಾಗಲೇ ನಿಲ್ತಿತ್ತು. ಪಟ್ಟಿದೇನೂ ತಪ್ಪಿಲ್ಲ. ಅವರಿಗೆ ಹಚ್ಚೋಕೆ ನಾವು ಜಾಗಾನೇ ಬಿಟ್ಟಿರಲಿಲ್ಲ.”

ನಿಂತಲ್ಲೇ ನನಗೆ ಅಪ್ಪನ ಲೇತಿನ ಕೆಂಪು ಜಾಗ ನೆನಪಾಗಿತ್ತು. ಆ ಕಾಲದವರು ಬೇಕೆಂದೇ ಆ ಜಾಗ ಬಿಟ್ಟಿದ್ದರೋ, ಎರಕದಲ್ಲಿ ಹಾಗೆ ಬಂದಿತ್ತೋ ಗೊತ್ತಿಲ್ಲ. ಆದರೆ ಅಲ್ಲಿ ಎಷ್ಟು ಕುಂಕುಮ ಹಚ್ಚಿದರೂ ಲೇತಿಗೆ ಏನೂ ಆಗುವುದಿಲ್ಲ. ನಮ್ಮ ಲಿಫ್ಟಿನಲ್ಲಿ ಕೈಗೆಟುಕುವಲ್ಲೆಲ್ಲ ಗುಂಡಿ, ಪಟ್ಟಿ, ಗಾಜು, ಉಬ್ಬು ಗೀರಿನ ತಗಡು. ಪ್ರೀತಿಯಿಂದ ಮುಟ್ಟಲು ಬಂದ ಬೆರಳಿಗೆ ಸುಮ್ಮನೆ ಒಂದು ಜಾಗ ಇರಲಿಲ್ಲ.

ಈಗ ನಾವು ಮಾಡುವ ಪ್ರತಿ ಲಿಫ್ಟಿನ ಒಳಗೂ, ಸೆನ್ಸರಿನಿಂದ ದೂರ, ಕೂತವರ ಕೈಗೂ ನಿಂತವರ ಕೈಗೂ ಎಟುಕುವಂತೆ ಅಂಗೈಯಗಲದ ನುಣುಪಾದ ಸ್ಟೀಲ್ ತಗಡು ಇರುತ್ತದೆ. ಅದರ ಹಿಂದೆ ಒಂದು ವೈರೂ ಇಲ್ಲ. ಮೊದಲ ಸಲ ನಕ್ಷೆಯಲ್ಲಿ ಅದನ್ನು ಕಂಡಾಗ ಅಣ್ಣ, “ಇದು ಏನು ಕೆಲಸ ಮಾಡುತ್ತೆ ಅಂತ ಬರೀಲಿ?” ಎಂದ. “ಏನೂ ಮಾಡಲ್ಲ, ಹಾಕು” ಎಂದೆ. ಬೇರೆ ಕಡೆ ಉಳಿದ ಚೂರು ತಗಡಿನಲ್ಲೇ ಆಗುತ್ತದೆ ಎಂದು ತಿಳಿದ ಮೇಲೆ ಅವನು ಮತ್ತೆ ಕೇಳಲಿಲ್ಲ. ಇನ್ನೊಂದು ಬದಲಾವಣೆಗೆ ಅಷ್ಟೂ ಖರ್ಚಿಲ್ಲ. ಲಿಫ್ಟ್ ಒಪ್ಪಿಸುವ ದಿನ ನಾನು ಕೆಂಪು ಹಿಡಿಯ ಬಗ್ಗೆ ವಿವರಿಸುವುದಿಲ್ಲ. ಆ ಮನೆಯಲ್ಲಿ ಅತಿ ಹೆಚ್ಚು ಹೆದರುವವರು ಯಾರು ಎಂದು ಕೇಳುತ್ತೇನೆ. ಎಲ್ಲರೂ ಒಬ್ಬರ ಕಡೆ ಕೈ ತೋರಿಸುತ್ತಾರೆ. ಲಿಫ್ಟಿನೊಳಗೆ ನಾನು ಕೂರುತ್ತೇನೆ, ಅವರ ಕೈಯಲ್ಲಿ ಎಳೆಸುತ್ತೇನೆ.

ಗೌರಮ್ಮನವರ ಲಿಫ್ಟಿಗೂ ಆಮೇಲೆ ಹೋಗಿ ತಗಡು ಕೂರಿಸಿ ಬಂದೆ. ಹೋದ ವರ್ಷದ ಆಯುಧಪೂಜೆಯ ದಿನ ಕಾರ್ಖಾನೆಯ ಪೂಜೆ ಮುಗಿಸಿ, ಸುಮ್ಮನೆ ಒಮ್ಮೆ ನೋಡಿಬರೋಣವೆಂದು ಆ ಕಡೆ ಹೋದೆ. ಗೌರಮ್ಮನವರು ಕಟ್ಟೆಯ ಮೇಲೇ ಇದ್ದರು, ಹೂವಿನವಳೊಡನೆ ಏನೋ ವಾದ ನಡೆದಿತ್ತು. ಒಳಗೆ ಹೋಗಿ ನೋಡಿದರೆ ತಗಡಿನ ಮೇಲೆ ಮೂರು ಬೆಳ್ಳನೆಯ ಗೆರೆ, ನಡುವೆ ಒಂದು ಹೂವು. ಕಪ್ಪು ಪಟ್ಟಿ ಶುಭ್ರವಾಗಿತ್ತು. ಹೊರಬರುವಾಗ ಮೆಟ್ಟಿಲ ಪಕ್ಕ ಕಣ್ಣು ಹೋಯಿತು. ಕೆಂಪು ಹಿಡಿಗೂ ಯಾರೋ ವಿಭೂತಿ ಹಚ್ಚಿದ್ದರು. ಗೆರೆ ನೇರವಾಗಿರಲಿಲ್ಲ, ರೂಢಿಯಿಲ್ಲದ ಕೈ.

“ಅದು ನಾ ಹಚ್ಚಿದ್ದಲ್ಲ” ಎಂದರು ಗೌರಮ್ಮನವರು ಕಟ್ಟೆಯಿಂದಲೇ. “ನಮ್ಮ ಶೈಲಾಂದು.”